ಕಾಂತಿ ಹಾಕದ ರುಜು

ಹೊಳೆಬದಿಯ ಗದ್ದೆಯನ್ನು ರುಕ್ಮಯ್ಯ ಶೆಟ್ಟರು ಹೊಸದಾಗಿ ಕಟ್ಟಲಿರುವ ಶಾಲೆಗೆ ದಾನ ಕೊಡುತ್ತಾರಂತೆ ಎಂಬ ಸುದ್ದಿಗೆ ಊರಿಗೆ ಊರೇ ಬೆರಗಾಯಿತು. ಹೊಳೆಗೆ ಸುರಿದರೂ ಅಳೆದು ಸುರಿಯುವ ಆಸಾಮಿ ಅವರು. ನಿಜ ಸಂಗತಿ ಏನೆಂದರೆ, ಹಿಂದಿನ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬೊಳ್ಳ ಬಂದಾಗ ಆ ಗದ್ದೆಯ ತುಂಬ ಹೊಳೆಯ ಮರಳು, ಹೊಯಿಗೆ ಬಿದ್ದು ಬಿತ್ತಿದ್ದೊಂದೂ ಹುಟ್ಟುತ್ತಿರಲಿಲ್ಲ. ಕೆಲಸಕ್ಕೆ ಬಾರದ್ದನ್ನು ಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡರೆ ಯಾರಿಗೆ ನಷ್ಟ?

ಆದರೆ ಅಳಿಯಸಂತಾನದ ಮನೆಯಲ್ಲಿ ಯಜಮಾನ ನೋಡಿಕೊಳ್ಳುವವನು ಮಾತ್ರ, ಆಸ್ತಿ ಹೆಣ್ಣುಮಕ್ಕಳ ಸಂತಾನದ್ದು. ದಾನಪತ್ರಕ್ಕೆ ಶೆಟ್ಟರ ತಂಗಿಯೂ ಆ ತಂಗಿಯ ಮಗಳು ಕಾಂತಿಯೂ ರುಜು ಹಾಕಬೇಕಿತ್ತು. ಕಾಂತಿಯ ಮಗಳು ಶಶಿಪ್ರಭಾ ಆ ವರ್ಷವೇ ಒಂದನೇ ಕ್ಲಾಸಿಗೆ ಸೇರುವವಳು. ಹೊಳೆ ಏರುವ ಆಟಿ ತಿಂಗಳಲ್ಲಿ ಮಗು ಆ ಗದ್ದೆಯಲ್ಲಿ ಕೂತು ಅಕ್ಷರ ಬರೆಯುವುದನ್ನು ನೆನೆದರೆ ಕಾಂತಿ ಗಂಜಿಯ ಬಟ್ಟಲು ಬಿಟ್ಟು ಎದ್ದುಬಿಡುತ್ತಿದ್ದಳು.

ಜಾಗ ನೋಡಲು ಶಾಲಾ ಇನ್ಸ್‌ಪೆಕ್ಟರರು ಬಂದರು. ಘಟ್ಟದ ಮೇಲಿನವರು, ಊರಿಗೆ ಹೊಸಬರು.

"ಇಲ್ಲಿಗೆ ನೆರೆ ಬರುತ್ತದೆಯೇ?" ಎಂದು ಕೇಳಿದರು.

"ಛೆ ಛೆ, ಎಂಥ ನೆರೆ! ಅದೆಲ್ಲ ಆಚೆ ದಡಕ್ಕೆ," ಎಂದರು ಶೆಟ್ಟರು.

"ಹಾಗಾದರೆ ಈ ಮರಳು?"

"ಮಕ್ಕಳಿಗೆ ಆಡಲಿಕ್ಕೆ ನಾನೇ ಹಾಕಿಸಿದ್ದು."

ಸೇರಿದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಹಿಂದಿನ ವರ್ಷ ಇದೇ ಗದ್ದೆಯ ಮೇಲೆ ದೋಣಿ ನಡೆಸಿದ್ದ ವೆಂಕಪ್ಪನೂ ಆಡಿಸಿದ. ಅವರನ್ನು ದೂರಿ ಫಲವಿಲ್ಲ. ನೆರೆ ಉಂಟು ಎಂದರೆ ಶಾಲೆ ದೂರದ ಮಡಂತ್ಯಾರಿಗೆ ಹೋದೀತು ಎಂಬ ಹೆದರಿಕೆ. ಮಕ್ಕಳು ಓದಲಿ ಎಂಬ ಆಸೆಗೆ ಮಕ್ಕಳನ್ನೇ ಹೊಳೆಯ ಬಾಯಿಗೆ ಇಡಲು ಹೊರಟಿದ್ದರು ಪುಣ್ಯಾತ್ಮರು!

ಅಲ್ಲಿಂದ ಎಲ್ಲರೂ ಶೆಟ್ಟರ ಮನೆಗೆ ಬಂದು ಚಾವಡಿಯಲ್ಲಿ ದಾನಪತ್ರ ಬಿಡಿಸಿಟ್ಟರು. ಕಾಂತಿ ಪೆನ್ನು ಮುಟ್ಟಲಿಲ್ಲ. ಆ ಚಾವಡಿಯಲ್ಲಿ ಮಾವನ ಎದುರು ಹೆಂಗಸರು ದನಿ ಎತ್ತಿದ್ದೇ ಇಲ್ಲ.

"ಮಾವ, ಬೊಳ್ಳ ಬಾರದ ಜಾಗವಾದರೆ ನೀವು ಹೊಸ ಮನೆಗೆ ಗುಡ್ಡೆಯ ಮೇಲೆ ಪಾಯ ಹಾಕಿಸಿದ್ದು ಯಾಕೆ? ಮನೆ ಈ ಗದ್ದೆಯಲ್ಲಿ ಕಟ್ಟುವ. ಗುಡ್ಡೆ ಶಾಲೆಗೆ ಕೊಡುವ. ಅದಕ್ಕೆ ಈಗಲೇ ರುಜು ಹಾಕ್ತೇನೆ."

ಇನ್ಸ್‌ಪೆಕ್ಟರರು ಕನ್ನಡಕ ತೆಗೆದು ಶೆಟ್ಟರನ್ನು ನೋಡಿದರು. ಶೆಟ್ಟರ ಮುಖ ಕೆಂಪಾಯಿತು.

"ಹಾಕಿಬಿಡಿ ಕಾಂತಿಯಕ್ಕ," ಎಂದು ಗೋಗರೆದ ವೆಂಕಪ್ಪ. "ಬೊಳ್ಳ ಬಂದ ದಿನ ರಜೆ ಕೊಟ್ಟರಾಯಿತು ಮಾರಾಯ್ರೆ."

"ಬೊಳ್ಳ ಹೇಳಿ ಕೇಳಿ ಬರ್ತದಾ ವೆಂಕಪ್ಪ? ಕಳೆದ ವರ್ಷ ನಿನ್ನ ಹಟ್ಟಿಯಿಂದ ಕೊಚ್ಚಿಹೋದ ದನಕ್ಕೆ ಹೇಳಿ ಬಂದಿತ್ತಾ?"

ಶೆಟ್ಟರು ಪೆನ್ನನ್ನು ತಂಗಿಯ ಕಡೆ ಚಾಚಿದರು. ಅಣ್ಣ ಹಾಕಿದ ಗೆರೆ ದಾಟದ ಆ ಹೆಂಗಸು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ನನ್ನದೂ ಇಲ್ಲ ಅಣ್ಣ."

"ಅಮ್ಮನೂ ಮಗಳೂ ಸೇರಿ ಮನೆಯ ಮಾನ ತೆಗೆದಿರಿ!" ಶೆಟ್ಟರು ಎದ್ದು ನಿಂತರು. "ಗುಡ್ಡೆ ನಾನು ಕೊಡುವುದಿಲ್ಲ. ಶಾಲೆ ಮಡಂತ್ಯಾರಿಗೆ ಹೋಗ್ತದೆ. ಪ್ರತಿ ದಿನ ಅಷ್ಟು ದೂರ ನಡೆಯುವ ಮಕ್ಕಳು ನಿನಗೇ ಶಾಪ ಹಾಕ್ತಾರೆ, ನೋಡು!"

"ಹಾಕಲಿ ಮಾವ," ಎಂದಳು ಕಾಂತಿ. "ಶಾಪ ಹಾಕಲಿಕ್ಕಾದರೂ ಸಂಜೆಗೆ ಮನೆಗೆ ಬರ್ತಾರಲ್ಲ."