ಖಾಲಿ ಕೊಕ್ಕುಗಳು

ಹಾನುಸ್‌ನ ದೋಣಿ ಹತ್ತುವವರು ಫೋನನ್ನು ನಮ್ಮ ಅಡುಗೆಮನೆಯ ಉಣ್ಣೆಬುಟ್ಟಿಯಲ್ಲಿ ಬಿಟ್ಟೇ ಬರಬೇಕು. ಅದು ಅವನ ಕರಾರು. ಎಂಜಿನ್ ಇಲ್ಲ, ಹುಟ್ಟು ಹಾಕುತ್ತಾ ನಿಧಾನವಾಗಿ ಹೋಗಿ, ಸೀಲ್‌ಗಳನ್ನೂ ಹಕ್ಕಿಗಳನ್ನೂ ನೋಡಿ ಬರುವುದು. ಫ್ಯಾರೋ ದ್ವೀಪಗಳ ಪಶ್ಚಿಮದ ಅಂಚಿನಲ್ಲಿರುವ ನಮ್ಮೂರಿಗೆ ಜನ ಬರುವುದೇ ಅದಕ್ಕಾಗಿ. ಹಾನುಸ್ ನನ್ನ ತಮ್ಮ, ಎಪ್ಪತ್ತು ದಾಟಿದವನು. ಕಾಫಿಯ ಬುಟ್ಟಿ ಹಿಡಿದು ನಾನೂ ಜೊತೆಗೆ ಹೋಗುತ್ತೇನೆ.

ಆ ಜುಲೈನಲ್ಲಿ ಡೆನ್ಮಾರ್ಕಿನಿಂದ ಎಸ್ಬೆನ್, ಮೆಟೆ ಎಂಬ ದಂಪತಿ ಬಂದಿದ್ದರು. ಹೊರಗಿನ ಬಂಡೆಗಳ ಮೇಲೆ ಮಲಗಿದ್ದ ಸೀಲ್‌ಗಳನ್ನು ನೋಡಿ ಹಿಂತಿರುಗುವಾಗ ಮಂಜು ಕವಿಯಿತು. ದೋಣಿಯ ಮೂತಿಯೇ ಕಾಣದಷ್ಟು ದಟ್ಟ ಮಂಜು. ನಮ್ಮ ಬೆಟ್ಟದ ಕಲ್ಲಿನ ಕಾಂತಗುಣಕ್ಕೆ ಇಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಮಧ್ಯಾಹ್ನ ಪ್ರವಾಹ ಪಶ್ಚಿಮಕ್ಕೆ ತಿರುಗುವ ಮುನ್ನ ಕೊಲ್ಲಿ ಸೇರದಿದ್ದರೆ ಅದು ದೋಣಿಯನ್ನು ತೆರೆದ ಸಾಗರಕ್ಕೆ ಎಳೆದೊಯ್ಯುತ್ತದೆ. ಹಾಗೆ ಹೋದವರ ಹೆಸರುಗಳು ನಮ್ಮ ಚರ್ಚಿನ ಗೋಡೆಯ ಮೇಲಿವೆ.

ಹಾನುಸ್ ಹೆದರಲಿಲ್ಲ. ಮಂಜಿನಲ್ಲಿ ನಮ್ಮವರು ಮೊದಲಿಂದಲೂ ಪಫಿನ್ ಹಕ್ಕಿಗಳ ಹಿಂದೆ ಹೋಗಿಯೇ ಮನೆ ಸೇರಿದವರು. ಬೇಸಿಗೆಯಲ್ಲಿ ಅವು ಮರಿಗಳಿಗೆ ಮೀನು ಕಚ್ಚಿಕೊಂಡು ನೇರವಾಗಿ ನಮ್ಮ ಬೆಟ್ಟಕ್ಕೇ ಹಾರುತ್ತವೆ.

"ಬಂದ್ರು ನೋಡಿ, ದಾರಿ ತೋರ್ಸೋರು!" ಎಂದ. ಕಪ್ಪು ಬೆನ್ನಿನ ಹಿಂಡೊಂದು ನೀರಿಗೆ ತಾಗುವಂತೆ ನಮ್ಮನ್ನು ದಾಟಿ ಹೋಯಿತು. ಅವನು ಚುಕ್ಕಾಣಿಯನ್ನು ಅತ್ತ ತಿರುಗಿಸಿದ.

ಎಸ್ಬೆನ್, ಮೆಟೆ ಹಿಂದಕ್ಕೆ ಮುಖ ಮಾಡಿ ಹುಟ್ಟು ಹಾಕುತ್ತಿದ್ದರು. ಹಾನುಸ್ ಹಿಂದಿನ ತುದಿಯಲ್ಲಿ ಮುಂದಕ್ಕೆ ಮುಖ ಮಾಡಿದ್ದ; ನಾನು ಮುಂದಿನ ಮೂಲೆಯಲ್ಲಿ ಅವನಿಗೆ ಎದುರಾಗಿ ಕೂತಿದ್ದೆ. ಗಂಡನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದನ್ನು ಕಂಡು ಮೆಟೆ ತನ್ನ ಉಣ್ಣೆಯ ಕೈಗವಸು ಬಿಚ್ಚಿ ಅವನ ತೊಡೆಯ ಮೇಲಿಟ್ಟಳು. ಹಿಂದಿನಿಂದ ಮತ್ತೊಂದು ಹಿಂಡು ಬಂತು.

"ಫೋಟೋದಲ್ಲೆಲ್ಲ ಇವುಗಳ ಬಾಯ್ತುಂಬ ಮೀನಿರುತ್ತೆ. ಇಲ್ಲಿ ಒಂದಕ್ಕೂ ಇಲ್ವಲ್ಲ," ಎಂದಳು ಮೆಟೆ, ನಿರಾಸೆಯಿಂದ.

ನಾನು ನೋಡಿದೆ. ಕೆಂಪು ಕೊಕ್ಕುಗಳು, ಎಲ್ಲವೂ ಖಾಲಿ.

"ಹಾನುಸ್, ದೋಣಿ ನಿಲ್ಸೋ."

"ಯಾಕಕ್ಕಾ, ಸಕ್ಕರೆ ಮರ್ತ್ ಬಂದ್ಯಾ?"

"ಕೊಕ್ಕಲ್ಲಿ ಮೀನಿಲ್ಲ ಕಣೋ."

"ಅಲ್ಲೊಂದು ಇಲ್ಲೊಂದು ಖಾಲಿ ಬರ್ತಾವೆ. ನೀನು ಕಾಫಿ ನೋಡ್ಕೋ, ದಿಕ್ಕು ನಾನ್ ನೋಡ್ಕೋತೀನಿ."

"ನಿಂಗೆ ಕಾಣೋದು ಅವುಗಳ ಬೆನ್ನು. ಮುಖ ಕಾಣ್ತಿರೋದು ನಂಗೆ. ಹಿಂದೆ ತಿರುಗಿ ನೋಡು."

"ಅಪ್ಪ ಹಿಂಗೇ ಅಲ್ವಾ ಮನೆಗೆ ಬರ್ತಿದ್ದಿದ್ದು?"

"ಅಪ್ಪನ ಕಾಲದಲ್ಲಿ ಸಮುದ್ರದಲ್ಲಿ ಮೀನಿತ್ತು."

ಅವನು ಸಿಟ್ಟಿನಿಂದಲೇ ಕತ್ತು ಹೊರಳಿಸಿದ. ಮುಂದಿನ ಹಿಂಡು ಅವನ ಮುಖದೆದುರೇ ಬಂದು ದಾಟಿತು. ಅದರ ಹಿಂದಿನದೂ ದಾಟಿತು, ಒಂದು ಕೊಕ್ಕಲ್ಲೂ ಮೀನಿರಲಿಲ್ಲ. ಅವನು ಈ ಕಡೆ ತಿರುಗಿದ.

"ಮನೆಗಲ್ಲ ಅಕ್ಕಾ ಇವು ಹೋಗ್ತಿರೋದು. ತಿನ್ಸೋಕೆ ಮೀನಿಲ್ದೆ ಮರಿ ಬಿಟ್ಟು ಹೊರಟುಬಿಟ್ಟಿದಾವೆ."

ಹಾಗಾದರೆ ನಾವೂ ಅವುಗಳ ಜೊತೆ ಸಾಗರಕ್ಕೇ ಹೊರಟಿದ್ದೆವು. ದೋಣಿಯ ಕೆಳಗೆ ನೀರು ಆಗಲೇ ಸುಳಿಯಾಗಿ ಕುದಿಯತೊಡಗಿತ್ತು.

"ಮಕ್ಕಳೇ, ಮನಸ್ಸಿಟ್ಟು ಎಳೀಬೇಕು," ಎಂದ ಹಾನುಸ್. ಅತಿಥಿಗಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಮೆಟೆಯ ಕೈಯಿಂದ ಹುಟ್ಟು ತೆಗೆದುಕೊಂಡು ತಾನೇ ಕೂತ. ಚುಕ್ಕಾಣಿ ನನಗೆ ಬಂತು. ಹಕ್ಕಿಗಳು ಬರುತ್ತಿದ್ದ ಕಡೆಗೆ, ಅವುಗಳ ಮುಖಕ್ಕೆ ಮುಖ ಕೊಟ್ಟು, ದೋಣಿ ತಿರುಗಿಸಿದೆ.

ಪ್ರವಾಹ ನಮ್ಮನ್ನು ಹಿಂದಕ್ಕೆ ಎಳೆಯುತ್ತಿತ್ತು. ಮೆಟೆ ದೋಣಿಗೆ ನುಗ್ಗಿದ ನೀರನ್ನು ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. "ಎಡಕ್ಕಾ ಅಕ್ಕಾ?" ಎಂದು ಹಾನುಸ್ ಮತ್ತೆ ಮತ್ತೆ ಕೇಳುತ್ತಿದ್ದ. ಹಿಂಡುಗಳು ತೆಳುವಾದವು. ಆಮೇಲೆ ಒಂಟಿ ಹಕ್ಕಿಗಳು. ಆಮೇಲೆ ಒಂದೂ ಇಲ್ಲ.

"ಈಗ ಎತ್ಲಾಗೆ?" ಎಸ್ಬೆನ್ ಏದುಸಿರಿನಲ್ಲಿ ಕೇಳಿದ. ಬೇರೆ ವರ್ಷಗಳಲ್ಲಿ ಬೆಟ್ಟದ ಹಕ್ಕಿಗಳ ಗಲಾಟೆ ಬಹಳ ದೂರದಿಂದಲೇ ಕಿವಿಗೆ ಬೀಳುತ್ತಿತ್ತು. ನಾನು ಕಿವಿಗೊಟ್ಟು ಚುಕ್ಕಾಣಿಯನ್ನು ಅಲುಗಿಸದೆ ಹಿಡಿದೆ.

ಸದ್ದಿಲ್ಲದ ಆ ಮಂಜಿನಿಂದ ಕಪ್ಪು ಗೋಡೆಯೊಂದು ತಟ್ಟನೆ ಮೇಲೆ ಬಂತು. "ಬಂಡೆ!" ಎಂದು ಕಿರುಚಿದೆ. ಹಾನುಸ್ ಎದ್ದು ಹುಟ್ಟನ್ನು ಬಂಡೆಗೆ ಒತ್ತಿದ. ಅದು ಮುರಿಯಿತು, ದೋಣಿ ಉಳಿಯಿತು. ನಮ್ಮದೇ ಬೆಟ್ಟ. ಬಂಡೆಯನ್ನು ಕೈಯಲ್ಲಿ ತಡವುತ್ತಾ ದೋಣಿ ಕಟ್ಟುವ ಜಾಗಕ್ಕೆ ಬಂದೆವು.

ಎಸ್ಬೆನ್ ಕೈಗವಸು ಕಳಚಿ ಮೆಟೆಗೆ ಕೊಟ್ಟು, ಚರ್ಮ ಸುಲಿದ ಕೈಗಳಿಂದಲೇ ನನ್ನನ್ನು ಎತ್ತಿ ದಡದಲ್ಲಿ ನಿಲ್ಲಿಸಿದ. ಮೇಲಿನ ಹುಲ್ಲಿನ ಇಳಿಜಾರಿನ ತುಂಬ ಪಫಿನ್‌ಗಳ ಬಿಲಗಳು. ಹೊರಗೆ ಒಂದು ರೆಕ್ಕೆಯೂ ಅಲುಗುತ್ತಿರಲಿಲ್ಲ.

"ಏನೋ ಕೇಳಿಸ್ತಿದೆ," ಎಂದಳು ಮೆಟೆ.

ಅದು ನಮ್ಮ ಕಾಲ ಕೆಳಗಿನಿಂದ ಬರುತ್ತಿತ್ತು. ಕ್ಷೀಣವಾದ ಚೀರುದನಿ, ಬಿಲದಿಂದ ಬಿಲಕ್ಕೆ, ಮಂಜಿನೊಳಗೆ ಎಲ್ಲಿಯವರೆಗೋ. ಹಾನುಸ್ ಮೊಣಕಾಲೂರಿ ಭುಜದವರೆಗೆ ಕೈ ತೂರಿಸಿ ಬೂದು ತುಪ್ಪಳದ ಮರಿಯೊಂದನ್ನು ತೆಗೆದ. ಅದು ಕೊಕ್ಕು ತೆರೆದು ಅವನ ಬೆರಳು ಕಚ್ಚಿತು. ಮೆಟೆ ಕೈಗವಸಿನಲ್ಲಿ ಅದನ್ನು ಬೆಚ್ಚಗೆ ಹಿಡಿದಳು.

"ಮೀನು ಏನಾದ್ರೂ ಇದ್ಯಾ ಅಕ್ಕಾ, ಮನೇಲಿ?"

"ಒಂದು ಬೋಗುಣಿಯಷ್ಟು ಇರ್ಬೋದು."

ಅವನು ಇಳಿಜಾರನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದ. ಆಮೇಲೆ ಪಕ್ಕದ ಬಿಲಕ್ಕೆ ಕೈ ಹಾಕಿದ.