ಬೀಗರು ಬಂದಾರ

ಕಾಡಿನ ಮೃಗಗಳಿಗೆ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ ಒಬ್ಬ ಬೇಟೆಗಾರನಿದ್ದನಂತೆ. ಅವನು ‘ಹಂದಿ’ ಎಂದರೆ ಸಾಕು, ಗುಡ್ಡದಾಚೆಯ ಹಂದಿಗೆ ಕೇಳಿಸಿ ಅದು ಓಡಿಹೋಗುತ್ತಿತ್ತು. ಅದಕ್ಕೇ ಅವನು ಹಂದಿಗೆ ಬೇರೆ ಹೆಸರಿಟ್ಟ: ಬೀಗರು. ಹೇಳದೆ ಕೇಳದೆ ಬರುವವರು, ಹೊಟ್ಟೆ ತುಂಬ ಉಂಡು ಹೋಗುವವರು. ಅಂದಿನಿಂದ ಹಂದಿ, ಇವನು ಯಾರ ಮಾತೋ ಆಡುತ್ತಿದ್ದಾನೆ ಎಂದುಕೊಂಡು ನಿಶ್ಚಿಂತೆಯಿಂದ ಮೇಯುತ್ತಿತ್ತಂತೆ.

ನನ್ನ ಅಜ್ಜಿ ಯಂಕವ್ವ ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾಳೆ. “ಮುಂದೇನಾತಬೇ ಆಯಿ?” ಎಂದು ಕೇಳಿದರೆ, “ಮುಂದ ನಿಮ್ಮಜ್ಜ ಹುಟ್ಟಿದಾ, ಮಲಕೋ” ಎನ್ನುತ್ತಾಳೆ.

ಅಜ್ಜ ಉಡಚಪ್ಪ. ನಮ್ಮದು ಅಕ್ಕಿಆಲೂರಿನ ಹತ್ತಿರ ಹೊಲದಲ್ಲೇ ಇರುವ ಮನೆ. ಬೇಟೆಗೆ ಹೋಗುತ್ತಿದ್ದ ನಮ್ಮ ಮಂದಿಯೆಲ್ಲ ಬಿಲ್ಲು ಬಿಟ್ಟು ಬಂದೂಕು ಹಿಡಿದರು; ಹಂದಿಗೆ ಮಾತ್ರ ‘ಬೀಗರು’ ಎಂಬ ಹೆಸರೇ ಉಳಿಯಿತು. ಅಜ್ಜನೂ ಹುಡುಗನಿದ್ದಾಗ ಕವಣೆ, ಮೀಸೆ ಬಂದಾಗ ಉರುಳು, ಆಮೇಲೆ ಬೆಳೆ ಕಾಯಲೆಂದು ಲೈಸೆನ್ಸಿನ ಬಂದೂಕು ಹಿಡಿದ. ಮೆಕ್ಕೆಜೋಳದಲ್ಲಿ ಸಪ್ಪಳವಾದ ಕಡೆಗೆ ಗುಂಡು ಹಾರಿಸುತ್ತಿದ್ದ. ಗುರಿ ತಪ್ಪುತ್ತಿರಲಿಲ್ಲ. ಏನಿದೆ ಎಂದು ನೋಡುತ್ತಲೂ ಇರಲಿಲ್ಲ.

ನಾನು ತೊಟ್ಟಿಲಲ್ಲಿದ್ದ ವರ್ಷ ಅದು. ನನ್ನ ಸೋದರತ್ತೆ ಜಯಾಳನ್ನು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಗೆ ಕೊಟ್ಟಿದ್ದರು. ಅವಳು ಬಸುರಿ. ಕುಬಸದ ದಿನ ಗೊತ್ತುಮಾಡಲೆಂದು ಅವಳ ಮಾವ ನಾಗಪ್ಪ ಸಂಜೆ ಬಸ್ಸಿಳಿದು ನಮ್ಮ ಹೊಲದ ಅಡ್ಡದಾರಿ ಹಿಡಿದ. ಅಂಗಳದಲ್ಲಿದ್ದ ಅಜ್ಜಿಗೆ ಜೋಳದ ತೆನೆಗಳ ನಡುವೆ ಅವನ ಹಳದಿ ರುಮಾಲು ಕಂಡಿತು. ಹಿಗ್ಗಿನಲ್ಲಿ ಕೂಗಿದಳು: “ಏ, ಬೀಗರು ಬಂದಾರ!”

ಆಚೆ ಬದುವಿನ ಮರೆಯಲ್ಲಿ ಕೂತಿದ್ದ ಅಜ್ಜ ಜೋಳ ಅಲುಗಿದ ಕಡೆಗೆ ಗುಂಡು ಹೊಡೆದ.

ನಾಗಪ್ಪನ ಮೊಣಕಾಲು ಹೋಯಿತು. ಅವನು ಕೇಸು ಹಾಕಲಿಲ್ಲ. ಆದರೆ ಅಲ್ಲಿಯವರೆಗೆ ‘ಬೀಗರ’ ಎಂದೇ ಕರೆಯುತ್ತಿದ್ದವನು ದವಾಖಾನೆಯ ಮಂಚದ ಮೇಲಿಂದ ಹೆಸರು ಹಿಡಿದು ಕರೆದ.

“ಉಡಚಪ್ಪಾ, ಕಣ್ಣ ನೋಡಿ ಹೊಡಿಯೋದು ಕಲಿ. ಅಲ್ಲೀತನಕಾ ನನ್ನ ಸೊಸಿ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ.”

ನೋವಿನಲ್ಲಿ ಆಡಿದ ಮಾತು. ಅಜ್ಜ ಮಾತ್ರ ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ ತೆಗೆದು ಹಣೆಗಿಟ್ಟುಕೊಂಡ. “ಈ ಭಂಡಾರದಾಣಿ. ಬಂದೂಕ ಮುಟ್ಟಂಗಿಲ್ಲ. ಬಿಲ್ಲ ಹಿಡದು, ಕಣ್ಣ ನೋಡಿ ಹೊಡದಮ್ಯಾಲ ಮಗಳನ್ನ ಕರಕೊಂಡು ಹೋಕ್ಕೇನಿ.”

ಬಂದೂಕನ್ನು ಠಾಣೆಗೆ ಒಪ್ಪಿಸಿದ. ಹಿರೇಕೆರೂರಿನ ಕಡೆ ಕರಬಸಪ್ಪ ಎಂಬ ಮುದುಕನೊಬ್ಬನಿಗೆ ಇನ್ನೂ ಬಿಲ್ಲು ಕಟ್ಟುವುದು ಗೊತ್ತಿತ್ತು. ಅವನ ಕಾಲು ಹಿಡಿದು ಕಲಿತ. ಬಿದಿರನ್ನು ಒಲೆಯ ಹೊಗೆಯಲ್ಲಿ ತೂಗುಹಾಕಿ ಒಣಗಿಸಿದ. ಪುಂಡಿ ನಾರು ಹೊಸೆದು ಹೆದೆ ಮಾಡಿದ. ಹಳೆಯ ಕುಡುಗೋಲು ಒಯ್ದು ಸವಣೂರಿನ ಕಮ್ಮಾರನಿಂದ ಬಾಣದ ಮೊನೆ ಬಡಿಸಿದ.

“ಏನ್ ಉಡಚಣ್ಣಾ, ಟೀವಿ ಸೀರಿಯಲ್‌ದಾಗ ಪಾರ್ಟ್ ಸಿಕ್ಕೇತೇನು?” ಎಂದ ಕಮ್ಮಾರ.

“ಸಿಕ್ಕೇತಿ. ನಿನಗೂ ಒಂದ್ ಪಾರ್ಟ್ ಇಟ್ಟೇನಿ, ಹಂದೀದು.”

ಅಂದಿನಿಂದ ನಮ್ಮ ಮನೆಯಲ್ಲಿ ‘ಬೀಗರು’ ಎಂಬ ಮಾತನ್ನು ಯಾರೂ ಆಡಲಿಲ್ಲ, ಹಂದಿಗೂ ಇಲ್ಲ, ನೆಂಟರಿಗೂ ಇಲ್ಲ.

ಬಿಲ್ಲು ಬಂದೂಕಿನಂತಲ್ಲ. ಉಸಿರು ಕೇಳಿಸುವಷ್ಟು ಹತ್ತಿರ ಹೋಗಬೇಕು. ಅಜ್ಜ ಹೋಗುತ್ತಿದ್ದ. ಗಾಳಿಗೆ ಎದುರಾಗಿ, ಬರಿಗಾಲಲ್ಲಿ, ಹೊಟ್ಟೆಯ ಮೇಲೆ ತೆವಳುತ್ತ. ಹಂದಿ ತಲೆಯೆತ್ತಿ ನೋಡುತ್ತಿತ್ತು. ಅಲ್ಲಿಗೆ ಮುಗಿಯಿತು. ಎಳೆದ ಹೆದೆಯನ್ನು ಬೆರಳು ಬಿಡುತ್ತಲೇ ಇರಲಿಲ್ಲ. ಬರಿಗೈಲಿ ಬಂದು, “ಕಣ್ಣ ನೋಡಿದಮ್ಯಾಲ ಹೊಡಿಯಾಕ ಬರೂದಿಲ್ಲಬೇ” ಎನ್ನುತ್ತಿದ್ದ. ಕೆಲವೊಮ್ಮೆ ಅರಣ್ಯ ಇಲಾಖೆಯವರ ಹೆಸರು ಹೇಳುತ್ತಿದ್ದ. “ಅವರ ಅಂಜಿಕಿ ನಿನಗೊಂದು ನೆಪಾ” ಎಂದು ಅಜ್ಜಿ ಅತ್ತ ತಿರುಗಿ ಕೂರುತ್ತಿದ್ದಳು.

ಇಷ್ಟೂ ವರ್ಷ ಅವಳು ಮಗಳನ್ನು ನೋಡುತ್ತಿದ್ದದ್ದು ಶಿಗ್ಗಾವಿಯ ಸಂತೆಯಲ್ಲಿ, ತರಕಾರಿ ಸಾಲಿನ ಹಿಂದೆ. ನಾಗಪ್ಪ ಎಂದೋ ಮೆತ್ತಗಾಗಿ, “ಸೊಸಿನ್ನ ಕಳಸ್ತೇನಿ, ಬಿಡು ಅತ್ಲಾಗ” ಎಂದು ಹೇಳಿಕಳಿಸಿದ್ದ. ಅಜ್ಜ ಒಪ್ಪಲಿಲ್ಲ. ಆಣೆ ನಾಗಪ್ಪನ ಮುಂದೆ ಇಟ್ಟದ್ದಾದರೂ ನಾಗಪ್ಪನಿಗೆ ಇಟ್ಟದ್ದಲ್ಲವಲ್ಲ. ಅಪ್ಪನ ಆಣೆ ಮುರಿದರೆ ಅಪ್ಪನಿಗೇ ಏನಾದರೂ ಆದೀತೆಂದು ಜಯಾ ಅತ್ತಿಯೂ ಬರಲಿಲ್ಲ.

ಈ ಮಳೆಗಾಲ ಅಜ್ಜಿ ಹಾಸಿಗೆ ಹಿಡಿದಳು. ಸಂತೆಯೂ ತಪ್ಪಿತು. ನಾನು ತಲೆ ಬಾಚಲು ಹೋದರೆ ಬಾಚಣಿಗೆ ಕಸಿದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು. “ಜಯಾ ಬಂದು ಬಾಚ್ತಾಳ.” ಅಜ್ಜನಿಗೆ ಕೇಳಿಸಿತು. ಅವನ ಕೈ ಆಗಲೇ ನಡುಗುತ್ತಿತ್ತು. ಚಹಾ ಬಟ್ಟಲಿನಿಂದ ಬಸಿಗೆ ಬೀಳುವಷ್ಟು. ಆ ಕೈಯನ್ನು ಅಂಗಿಯೊಳಗೆ ಇಟ್ಟುಕೊಂಡು ಹೊರಗೆ ಹೋದ.

ಒಂದು ಬೆಳಿಗ್ಗೆ ನನ್ನ ಫೋನಿಗೆ ನಾಗಪ್ಪನ ಕರೆ ಬಂತು. ಸ್ಪೀಕರಿಗೆ ಹಾಕಿದೆ.

“ಉಡಚಪ್ಪಗ ಹೇಳವಾ, ಬೀಗರು ಬಂದಾರ.”

ಹಾಸಿಗೆಯ ಮೇಲೆ ಅಜ್ಜಿ ಎದ್ದು ಕೂತಳು. “ಯಾರು? ಯಾವ ಬೀಗರು? ನೋಡ್ರಿ ಮದಲ, ಯಾರಂತ ನೋಡ್ರಿ!”

“ನಾಕ ಕಾಲಿನ ಬೀಗರ, ಯಂಕವ್ವಕ್ಕಾ” ಎಂದ ನಾಗಪ್ಪ. “ಯಾರೋ ತಂತಿ ಉರುಳ ಇಟ್ಟಾರ ನನ್ನ ಹೊಲದಾಗ. ಕಾಲ ಎಲುಬಿನತನಕಾ ಕೊಯ್ದೇತಿ. ಒದರಾಕತ್ತೇತಿ. ಕೇಳಾಕ ಆಗವಲ್ದು.”

ಬಿಲ್ಲನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಅಜ್ಜ ನನ್ನ ಸ್ಕೂಟಿಯ ಹಿಂದೆ ಕೂತ. ಹಿರೇಬೆಂಡಿಗೇರಿಯ ಹೊಲ ಮುಟ್ಟುವ ಮೊದಲೇ ಆ ಕೂಗು ಕೇಳಿಸಿತು.

ನಾಗಪ್ಪ ಕೋಲೂರಿಕೊಂಡು ಬದುವಿನ ಮೇಲೆ ನಿಂತಿದ್ದ. ಅವನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ಜಯಾ ಅತ್ತಿ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿ ಕಣ್ಣು ತಗ್ಗಿಸಿದರು.

ಹಂದಿ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅಜ್ಜ ಹೆದೆಯೇರಿಸಿದ. ಮತ್ತೆ ಬಿಲ್ಲು ಕೆಳಗಿಳಿಸಿದ.

“ಇದು ಬ್ಯಾಟಿ ಅಲ್ಲ. ಕಟ್ಟಿಹಾಕಿದ್ದ ಜೀವ.”

“ಹಂಗಾರ ತಂತಿ ಕತ್ತರಿಸೂನೇನಜ್ಜಾ?” ಎಂದೆ.

“ಬಿಟ್ಟರ ಎಲ್ಲಿಗಿ ಹೋಕ್ಕೇತಿ ಅದು?” ಎಂದ ನಾಗಪ್ಪ, ತನ್ನ ಮೊಣಕಾಲನ್ನು ಹಿಡಿದುಕೊಂಡು. “ನಾಯಿ ಹರಕೊಂಡು ತಿಂತಾವ, ಜೀವ ಇದ್ದಂಗನ.”

ಅಜ್ಜ ಕೆಸರಿನಲ್ಲಿ ಮೊಣಕಾಲೂರಿ ಹತ್ತಿರ ಸರಿದ. ಹಂದಿ ಕೂಗು ನಿಲ್ಲಿಸಿ ನೋಡಿತು. ಅಜ್ಜಿಯ ಕತೆಯ ಮೃಗಗಳಂತೆ ಅದು ಏನಾದರೂ ಆಡೀತೆಂದು ನಾನು ಕಾದೆ. ಅದು ಆಡಲಿಲ್ಲ. ನಡುಗುವ ಕೈ ಹೆದೆಯನ್ನು ಕಿವಿಯವರೆಗೆ ಎಳೆಯಿತು. ಅಜ್ಜ ಆ ಕಣ್ಣಿನಿಂದ ಕಣ್ಣು ತೆಗೆಯದೆ, ಮೆಲ್ಲಗೆ, ಅದಕ್ಕೆ ಕೇಳಿಸುವ ಹಾಗೆ ಕರೆದ:

“ಹಂದೀ.”

ಅದರ ಕಿವಿ ಅಲುಗಿತು. ಅಜ್ಜನ ಬೆರಳು ಬಿಟ್ಟಿತು.

ಹೊಲ ಸುಮ್ಮನಾಯಿತು. ಅಜ್ಜ ಏಳಲಿಲ್ಲ. ಅವನ ಭುಜ ಕುಲುಕುತ್ತಿತ್ತು. ನಾಗಪ್ಪ ಕುಂಟುತ್ತ ಕೆಸರಿಗಿಳಿದು ಅವನ ರಟ್ಟೆ ಹಿಡಿದ.

“ಏಳ್ರಿ, ಬೀಗರ. ನಿಮ್ಮ ಮಗಳು ನಿಂತಾಳ, ಕರಕೊಂಡು ಹೋಗ್ರಿ.”

ಅಜ್ಜ ಎದ್ದು ಬಿಲ್ಲಿನ ಹೆದೆ ಇಳಿಸಿದ.