ಐದನೆಯ ಹೆಸರಿಗೆ ಜಾಗ

1.
ಎಲ್ಲಿಂದ ಶುರು ಮಾಡಲಿ? ಎಪ್ಪತ್ತರ ದಶಕದ ಸ್ಟುಡಿಯೋದಿಂದ: ಸಿಗರೇಟಿನ ಹೊಗೆ, ಬೆಲ್‌ಬಾಟಮ್ಮು... (ನಾನಾಗ ಹುಟ್ಟಿಯೇ ಇರಲಿಲ್ಲ. ಹರಿದು ಹಾಕಿದೆ.)

ಮತ್ತೆ 1.
ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟುಹೋದ ರೆಕಾರ್ಡ್ ಪ್ಲೇಯರಿನ ಮುಚ್ಚಳವನ್ನು ರಿಪೇರಿಯವಳು ತೆಗೆದಳು. ಒಳಗೊಂದು ರೆಕಾರ್ಡು, ಅದರ ಕವರು. ಎಪ್ಪತ್ತನಾಲ್ಕರ ಜಾಝ್-ಫಂಕ್ ಸಂಗೀತ. ಕವರಿನ ಮೇಲೆ ನಾಲ್ವರು ಗಂಡಸರು, ನಾಲ್ಕು ಹೆಸರು: ಡ್ರಮ್ಸ್, ಬೇಸ್, ಗಿಟಾರ್, ಸ್ಯಾಕ್ಸೋಫೋನ್. ಪಿಯಾನೋದವರ ಸುದ್ದಿಯೇ ಇಲ್ಲ.

2.
ಈ ಬ್ಯಾಂಡಿನ ಹೆಸರನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಾಳೆ. ಹಿಂದೆ ಸ್ಟುಡಿಯೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಸೋದರತ್ತೆ, ಇವರ ರೆಕಾರ್ಡಿಗೆ ತಾನು ಪಿಯಾನೋ ನುಡಿಸಿದ್ದೆ ಎಂದಾಗಲೆಲ್ಲ ಮನೆಮಂದಿ ಮುಸಿಮುಸಿ ನಗುತ್ತಿದ್ದರು. ಅಪ್ಪನಂತೂ ತಂಗಿ ಬಾಯಿ ತೆರೆಯುವ ಮೊದಲೇ "ಶುರುವಾಯ್ತು ಬುರುಡೆ" ಎನ್ನುತ್ತಿದ್ದರು. ಐವತ್ತು ವರ್ಷ ಅತ್ತೆ ಆ ನಗು ನುಂಗಿಕೊಂಡಿದ್ದರು.

(ನನಗೊಂದು ಭಾರೀ ಐಡಿಯಾ: ಅತ್ತೆ ಹೋದ ವರ್ಷವೇ ತೀರಿಕೊಂಡಿರಲಿ. ಓದುಗರ ಕಣ್ಣು ಒದ್ದೆಯಾಗುತ್ತದೆ.)

"ಸುಮ್‌ಸುಮ್ನೆ ಯಾಕ್ರೀ ಸಾಯಿಸ್ತೀರಿ?" ಎಂದು ರಿಪೇರಿಯವಳು ನನ್ನನ್ನೇ ಗದರಿದಳು. "ಫೋನ್ ಮಾಡಿದೀನಿ. ಬರ್ತಿದಾರೆ."

3.
ಈ ಭಾಗ ಕೈಬಿಟ್ಟಿದ್ದೇನೆ. ಅದರಲ್ಲಿ ಬರೀ ಜಾಝಿನ ಇತಿಹಾಸವಿತ್ತು. ನನಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ.

4.
ಅತ್ತೆ ಅಂಗಡಿಗೆ ಬಂದರು. ಮಗಳಿಗೆ ಊಟದ ಡಬ್ಬಿ ತಂದಿದ್ದ ಅಪ್ಪ ಕವರು ತಿರುಗಿಸಿ, "ನಿನ್ನ ಹೆಸರೆಲ್ಲಿದೆ ಇದ್ರಲ್ಲಿ?" ಎಂದರು.

"ಹಾಕ್ಲಿಲ್ಲ. ಅವರ ಪಿಯಾನೋದವನು ಬಂದಿರ್ಲಿಲ್ಲ, ನಂಗೆ ನುಡಿಸೋಕೆ ಬರುತ್ತೆ ಅಂತ ಗೊತ್ತಿತ್ತು, ಟೈಪ್ ಮಾಡ್ತಿದ್ದೋಳನ್ನ ಎಬ್ಬಿಸಿಕೊಂಡು ಹೋದ್ರು. ಬಾಡಿಗೆ ಪಿಯಾನೋ, ನಡುವಿನ ಒಂದು ಕೀ ಒತ್ತಿದ್ರೆ ಸದ್ದೇ ಇಲ್ಲ. ಅದು ಬಂದಾಗೆಲ್ಲ ನಾನು ಬೆರಳು ಎತ್ತಿಬಿಡ್ತಿದ್ದೆ. ಡ್ರಮ್ಮಿನವನು ಅಲ್ಲೊಂದು ಟಪ್ ಅಂತ ಹೊಡೆದು ಮಾನ ಉಳಿಸ್ತಿದ್ದ."

ಅಷ್ಟರಲ್ಲಿ ಪ್ಲೇಯರನ್ನು ಸರಿಮಾಡಿದ್ದ ರಿಪೇರಿಯವಳು ಮುಳ್ಳು ಇಳಿಸಿದಳು. ಬೇಸ್ ನೆಲ ನಡುಗಿಸಿತು, ಹಿಂದೆಯೇ ಪಿಯಾನೋ ಕುಣಿದುಕೊಂಡು ಬಂತು. ಅತ್ತೆ ಕಣ್ಣು ಮುಚ್ಚಿ ಮೇಜಿನ ಅಂಚಿನ ಮೇಲೆ ಬೆರಳಾಡಿಸತೊಡಗಿದರು. ಉಂಗುರದ ಬೆರಳು ಮೇಲೆದ್ದಿತು, ಪಿಯಾನೋ ಸುಮ್ಮನಾಯಿತು. ಟಪ್. ಬೆರಳು ಮತ್ತೆ ಎದ್ದಿತು. ಮತ್ತೆ ಟಪ್. ಹಾಡು ಮುಗಿಯುವವರೆಗೂ ಒಂದು ಸಲವೂ ತಪ್ಪಲಿಲ್ಲ. ಕೆಟ್ಟದ್ದನ್ನು ಹುಡುಕುವುದೇ ರಿಪೇರಿಯವಳ ಕಸುಬು. ಕೆಟ್ಟದ್ದೊಂದು ಸಿಕ್ಕಿ ಅವಳಿಗೆ ಇಷ್ಟು ಖುಷಿಯಾದದ್ದು ಇದೇ ಮೊದಲು.

"ನೀನೇ ಕಣೇ," ಎಂದರು ಅಪ್ಪ. ಡಬ್ಬಿ ಇನ್ನೂ ಕೈಯಲ್ಲೇ ಇತ್ತು. "ಐವತ್ತು ವರ್ಷ ನಕ್ಕುಬಿಟ್ಟೆನಲ್ಲೇ."

"ಈಗ ಬಾಯ್ಮುಚ್ಕೊಂಡು ಕೇಳು," ಎಂದರು ಅತ್ತೆ.

5.
ಮುಕ್ತಾಯ. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಕಂಪನಿಯವರು ಕ್ಷಮೆ ಕೇಳಿ ಹೊಸ ಕವರು ಅಚ್ಚು ಹಾಕಿಸುತ್ತಾರೆ. (ನಾನೇ ನಂಬುವುದಿಲ್ಲ.)

ಆ) ಅಣ್ಣತಂಗಿ ತಬ್ಬಿಕೊಂಡು ಅಳುತ್ತಾರೆ. ("ಅದೆಲ್ಲ ಬೇಡ," ಎಂದರು ಅಪ್ಪ, ಮೂಗು ಒರೆಸಿಕೊಳ್ಳುತ್ತ.)

ಇ) ರಿಪೇರಿಯವಳು ಬಾಲ್‌ಪೆನ್ನು ತೆಗೆದು, ನಾಲ್ಕನೆಯ ಹೆಸರಿನ ಕೆಳಗೆ ಐದನೆಯದಕ್ಕೊಂದು ಗೆರೆ ಎಳೆದಳು.

"ಗಿರಾಕಿಯ ಮಾಲು ಕಣ್ರೀ ಅದು," ಎಂದೆ ನಾನು.

"ರಿಪೇರಿಗೆ ತಾನೇ ಕೊಟ್ಟಿರೋದು? ರಿಪೇರಿ ಮಾಡ್ತಿದೀನಿ."

ಅತ್ತೆ ಪೆನ್ನು ಕಿತ್ತುಕೊಂಡು ತಾವೇ ಬರೆದರು, ದಪ್ಪ ಅಕ್ಷರದಲ್ಲಿ, ಇನಿಷಿಯಲ್ ಸಮೇತ. ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದೆಂದು ನಾನು ಕಥೆಗೆ ಪೂರ್ಣವಿರಾಮ ಇಡಹೋದೆ.

"ತಡೀರಿ," ಎಂದರು ಅತ್ತೆ, ರೆಕಾರ್ಡನ್ನು ಮಗುಚಿ ಹಾಕುತ್ತ. "ಈ ಕಡೆ ನಾನೊಬ್ಳೇ ನುಡಿಸೋದಿದೆ. ಯಾರೂ ಮಧ್ಯ ಬಾಯಿ ಹಾಕ್ಬೇಡಿ. ನೀವೂ ಅಷ್ಟೇ, ಬರೆಯೋರು"